ಸೂಪರ್‌ಹೀರೋ ಸಿನಿಮಾ: ಮಕ್ಕಳಿಗೆ ತಕ್ಕದ್ದೆಂದು ಹೇಗೆ ತೀರ್ಮಾನಿಸುವುದು?



ಬೇಸಿಗೆ ರಜೆ ಬಂತೆಂದರೆ ಯಲಹಂಕ ಉಪನಗರದಲ್ಲಾಗಲಿ, ಆರ್.ಟಿ. ನಗರದಲ್ಲಾಗಲಿ, ಹೆಬ್ಬಾಳ-ಯಶವಂತಪುರಗಳಲ್ಲಾಗಲಿ ಹಲವು ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಹೊಸ ಸಿನಿಮಾ ಬಂದಿದೆಯಂತೆ, ತಮ್ಮನನ್ನೂ ಕರೆದುಕೊಂಡು ಹೋಗು." ಪೋಸ್ಟರಿನಲ್ಲಿ ಮುಖವಾಡ ತೊಟ್ಟ ವೀರನೊಬ್ಬ ಆಕಾಶದಲ್ಲಿ ಹಾರುತ್ತಿರುತ್ತಾನೆ. ಅಂಥದೇ ಚಿತ್ರವಿರುವ ಚೀಲ, ನೀರಿನ ಬಾಟಲಿ, ಪೆನ್ಸಿಲ್ ಡಬ್ಬಿಗಳು ಅಂಗಡಿಯಲ್ಲಿ ತೂಗಾಡುತ್ತಿರುತ್ತವೆ. "ಮಕ್ಕಳ ಸಿನಿಮಾ ತಾನೇ" ಎಂದು ದೊಡ್ಡವರು ಟಿಕೆಟ್ಟಿನ ಹಣ ಕೊಟ್ಟುಬಿಡುತ್ತಾರೆ. ಆದರೆ ಕರೆದುಕೊಂಡು ಹೋಗುವವರು ನೀವು. ಎರಡೂವರೆ ಗಂಟೆ ಆ ಮಗುವಿನ ಪಕ್ಕದಲ್ಲಿ ಕೂರುವವರು ನೀವು. ರಾತ್ರಿ ಅದು ಬೆಚ್ಚಿ ಎದ್ದರೆ ಪಕ್ಕದ ಹಾಸಿಗೆಯಲ್ಲಿ ಎಚ್ಚರಗೊಳ್ಳುವವರೂ ಬಹುಶಃ ನೀವೇ. ಆದ್ದರಿಂದ ಯಾವ ಸಿನಿಮಾ ಯಾವ ವಯಸ್ಸಿಗೆ ತಕ್ಕದ್ದು ಎಂಬ ತೀರ್ಮಾನ ಕೇವಲ ತಂದೆ-ತಾಯಿಗಳದ್ದಲ್ಲ, ಸರ್ಕಾರದ್ದೂ ಅಲ್ಲ. ಅಣ್ಣ-ಅಕ್ಕಂದಿರಾದ ನಿಮ್ಮದೂ ಹೌದು. ಆ ತೀರ್ಮಾನಕ್ಕೆ ಬರುವ ಬಗೆಯನ್ನು ಈ ಲೇಖನದಲ್ಲಿ ನೋಡೋಣ.

ಮುಖವಾಡವಿದ್ದ ಮಾತ್ರಕ್ಕೆ ಮಕ್ಕಳ ಚಿತ್ರವಲ್ಲ

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಸೂಪರ್‌ಹೀರೋ ಕಥೆಗಳು ಮಕ್ಕಳ ಚಿತ್ರಕಥಾ ಪುಸ್ತಕಗಳಿಂದ ಹುಟ್ಟಿದವು ನಿಜ. ಆದರೆ ಇಂದು ಅದು ಒಂದು ವೇಷ ಮಾತ್ರ. ಆ ವೇಷದೊಳಗೆ ಹಾಸ್ಯವೂ ಇರಬಹುದು, ಭೀಕರ ಕಥೆಯೂ ಇರಬಹುದು. 'ಡೆಡ್‌ಪೂಲ್' (2016) ಮತ್ತು 'ಲೋಗನ್' (2017) ಎರಡೂ ಇದೇ ಜಾತಿಯ ಚಿತ್ರಗಳು. ಬ್ಯಾಟ್‌ಮನ್ ಕಥೆಯ ಖಳನನ್ನು ಕುರಿತ 'ಜೋಕರ್' (2019) ಕೂಡ ಇದೇ ಮನೆತನದ್ದು. ಈ ಮೂರಕ್ಕೂ ಭಾರತದಲ್ಲಿ ದೊರೆತದ್ದು 'ಎ' ಪ್ರಮಾಣಪತ್ರ, ಅಂದರೆ ವಯಸ್ಕರಿಗೆ ಮಾತ್ರ. ಪೋಸ್ಟರ್ ನೋಡಿ, ಆಟಿಕೆ ನೋಡಿ ಸಿನಿಮಾವನ್ನು ಅಳೆಯಬಾರದು ಎಂಬುದಕ್ಕೆ ಇಷ್ಟೇ ಸಾಕು.

ಪ್ರಮಾಣಪತ್ರ ಏನು ಹೇಳುತ್ತದೆ?

ಚಿತ್ರಮಂದಿರದಲ್ಲಿ ಸಿನಿಮಾ ಆರಂಭವಾಗುವ ಮೊದಲು ತೆರೆಯ ಮೇಲೆ ಒಂದು ಪ್ರಮಾಣಪತ್ರ ಕ್ಷಣಕಾಲ ಕಾಣಿಸಿಕೊಳ್ಳುತ್ತದೆ. ನಾವು ಅದನ್ನು ಓದುವುದೇ ಇಲ್ಲ. ನಮ್ಮ ಮಾತಿನಲ್ಲಿ 'ಸೆನ್ಸಾರ್ ಬೋರ್ಡ್' ಎಂದು ಕರೆಯುವ ಸಂಸ್ಥೆಯ ಹೆಸರು 1983ರಿಂದ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ. ಇದರ ಮುಖ್ಯ ಕಚೇರಿ ಮುಂಬಯಿಯಲ್ಲಿದೆ. ಒಂಬತ್ತು ಪ್ರಾದೇಶಿಕ ಕಚೇರಿಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲಿದೆ. 1952ರ ಚಲನಚಿತ್ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಬರುವ ಪ್ರತಿಯೊಂದು ಚಿತ್ರವೂ ಮಂಡಳಿಯಿಂದ ಪ್ರಮಾಣಪತ್ರ ಪಡೆಯಬೇಕು. ಬೇರೆ ಭಾಷೆಗೆ ಡಬ್ ಆದ ಪ್ರತಿಗೂ ಪ್ರತ್ಯೇಕ ಪ್ರಮಾಣಪತ್ರ ಬೇಕು.

ಆರಂಭದಲ್ಲಿ ಇದ್ದದ್ದು ಎರಡೇ ದರ್ಜೆ: ಎಲ್ಲರೂ ನೋಡಬಹುದಾದ 'ಯು' ಮತ್ತು ವಯಸ್ಕರಿಗೆ ಮಾತ್ರವಾದ 'ಎ'. 1983ರಲ್ಲಿ ಇನ್ನೆರಡು ಸೇರಿದವು. ಒಂದು, 12 ವರ್ಷದೊಳಗಿನ ಮಕ್ಕಳಿಗೆ ಹಿರಿಯರ ಮಾರ್ಗದರ್ಶನ ಬೇಕೆಂದು ಸೂಚಿಸುವ 'ಯು/ಎ'. ಇನ್ನೊಂದು, ವೈದ್ಯರಂಥ ವಿಶೇಷ ವರ್ಗದವರಿಗಾಗಿ 'ಎಸ್'. ಸುಮಾರು ನಲವತ್ತು ವರ್ಷ ಈ ಏರ್ಪಾಡೇ ನಡೆಯಿತು. ಇದರ ಕೊರತೆ ಏನೆಂದು ಯೋಚಿಸಿ. ಏಳು ವರ್ಷದ ಮಗುವಿಗೆ ಸ್ವಲ್ಪ ಭಯವಾಗಬಹುದಾದ ಚಿತ್ರಕ್ಕೂ, ಹದಿನೈದು ವರ್ಷದವನಿಗೂ ಕಠಿಣವೆನಿಸುವ ಚಿತ್ರಕ್ಕೂ ಒಂದೇ ಚೀಟಿ! 2023ರ ತಿದ್ದುಪಡಿ ಕಾಯ್ದೆ ಈ ಕೊರತೆಯನ್ನು ಸರಿಪಡಿಸಲು 'ಯು/ಎ' ದರ್ಜೆಯನ್ನು ಮೂರಾಗಿ ಒಡೆಯಿತು: 'ಯು/ಎ 7+', 'ಯು/ಎ 13+' ಮತ್ತು 'ಯು/ಎ 16+'. ಇದಕ್ಕೆ ಸಂಬಂಧಿಸಿದ ನಿಯಮಗಳು 2024ರಲ್ಲಿ ಹೊರಬಂದವು.

ಇಲ್ಲಿ ಒಂದು ವ್ಯತ್ಯಾಸವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. 'ಎ' ಎಂಬುದು ನಿಷೇಧ. 18 ವರ್ಷ ತುಂಬದವರಿಗೆ ಅಂಥ ಚಿತ್ರ ತೋರಿಸಿದರೆ ಪ್ರದರ್ಶಕರಿಗೆ ಕಾಯ್ದೆಯ ಪ್ರಕಾರ ಶಿಕ್ಷೆಯುಂಟು. 'ಯು/ಎ' ಎಂಬುದು ನಿಷೇಧವಲ್ಲ, ಸಲಹೆ. 'ಯು/ಎ 13+' ಚಿತ್ರಕ್ಕೆ ಒಂಬತ್ತು ವರ್ಷದ ಹುಡುಗನನ್ನು ಕರೆದೊಯ್ದರೆ ಬಾಗಿಲಲ್ಲಿ ತಡೆಯಬೇಕೆಂದು ಕಾನೂನು ಹೇಳುವುದಿಲ್ಲ. ತೀರ್ಮಾನವನ್ನು ಅದು ತಂದೆ-ತಾಯಿ, ಪೋಷಕರ ಕೈಗೆ ಬಿಟ್ಟಿದೆ. ಬಹುಪಾಲು ಸೂಪರ್‌ಹೀರೋ ಚಿತ್ರಗಳು ಬರುವುದು ಈ ದರ್ಜೆಯಲ್ಲೇ. ಎಂದರೆ, ಕಾನೂನು ಸುಮ್ಮನಾಗುವ ಜಾಗದಲ್ಲೇ ನಮ್ಮ ಕೆಲಸ ಆರಂಭವಾಗುತ್ತದೆ.

ನ್ಯಾಯಾಲಯ ಕಂಡ ಮಗು

ಸಿನಿಮಾಕ್ಕೆ ಮಾತ್ರ ಏಕೆ ಈ ಪೂರ್ವ ಪರೀಕ್ಷೆ? ಪುಸ್ತಕಕ್ಕಿಲ್ಲ, ಪತ್ರಿಕೆಗಿಲ್ಲವಲ್ಲ? ಈ ಪ್ರಶ್ನೆಯನ್ನು ಲೇಖಕ, ನಿರ್ದೇಶಕ ಕೆ.ಎ. ಅಬ್ಬಾಸ್ ಅವರು ಸುಪ್ರೀಂ ಕೋರ್ಟಿನ ಮುಂದಿಟ್ಟರು. ಅವರ 'ಎ ಟೇಲ್ ಆಫ್ ಫೋರ್ ಸಿಟೀಸ್' ಎಂಬ ಕಿರುಚಿತ್ರದ ಪ್ರಮಾಣಪತ್ರವೇ ವಿವಾದದ ಮೂಲ. 1970ರಲ್ಲಿ ಬಂದ ತೀರ್ಪು ಸಿನಿಮಾಗಳ ಪೂರ್ವ ಪರೀಕ್ಷೆಯನ್ನು ಎತ್ತಿಹಿಡಿಯಿತು. ಚಲನಚಿತ್ರ ಬೇರೆ ಕಲೆಗಳಿಗಿಂತ ಆಳವಾಗಿ ಭಾವನೆಗಳನ್ನು ಕಲಕುತ್ತದೆ. ಅದರಲ್ಲೂ ಮಕ್ಕಳು ಮತ್ತು ಹದಿಹರೆಯದವರು ತೆರೆಯ ಮೇಲೆ ಕಂಡದ್ದನ್ನು ದೊಡ್ಡವರಿಗಿಂತ ಬೇಗ ನಂಬಿಬಿಡುತ್ತಾರೆ ಎಂಬುದು ನ್ಯಾಯಾಲಯ ಕೊಟ್ಟ ಕಾರಣಗಳಲ್ಲಿ ಒಂದು. ಅದೇ ತೀರ್ಪು ಕಲೆಯ ಸ್ವಾತಂತ್ರ್ಯಕ್ಕೂ ಬೆಲೆ ಕೊಡಬೇಕೆಂದಿತು. ಈ ಎರಡು ಮಾತುಗಳ ನಡುವಿನ ಎಳೆದಾಟ ಇಂದಿಗೂ ಮುಗಿದಿಲ್ಲ.

ಬೇರೆ ದೇಶಗಳಲ್ಲೂ ಇದೇ ಎಳೆದಾಟ. ಅಮೆರಿಕದಲ್ಲಿ 1984ರಲ್ಲಿ 'ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್' ಚಿತ್ರದ ಕ್ರೌರ್ಯ ಕಂಡು ಪೋಷಕರು ದೂರಿದರು. ಅದರ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಅವರೇ ನಡುವಣ ದರ್ಜೆಯೊಂದು ಬೇಕೆಂದು ಸೂಚಿಸಿದರು. ಆ ವರ್ಷದ ಜುಲೈನಲ್ಲಿ 'ಪಿಜಿ-13' ಎಂಬ ದರ್ಜೆ ಜಾರಿಗೆ ಬಂತು. ಬ್ರಿಟನ್ನಿನಲ್ಲಿ 2002ರಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ 'ಸ್ಪೈಡರ್‌ಮ್ಯಾನ್' ಚಿತ್ರಕ್ಕೆ '12' ದರ್ಜೆ ಸಿಕ್ಕಿತು. ಹನ್ನೆರಡು ತುಂಬದ ಮಕ್ಕಳು ತಂದೆ-ತಾಯಿ ಜೊತೆಗಿದ್ದರೂ ಒಳಗೆ ಹೋಗುವಂತಿರಲಿಲ್ಲ. ಮಕ್ಕಳ ನಿರಾಸೆ, ಪೋಷಕರ ಸಿಟ್ಟು ಸೇರಿ ಕೆಲವು ಸ್ಥಳೀಯ ಆಡಳಿತಗಳು ತಮ್ಮದೇ ಅಧಿಕಾರ ಬಳಸಿ ಬಾಗಿಲು ತೆರೆದವು. ಅದೇ ಆಗಸ್ಟಿನಲ್ಲಿ, ಹಿರಿಯರೊಂದಿಗೆ ಬಂದರೆ ಪ್ರವೇಶ ಕೊಡುವ '12ಎ' ದರ್ಜೆ ದೇಶದಾದ್ಯಂತ ಬಂದಿತು. ಒಂದು ಕಡೆ ಸಡಿಲವಾಯಿತೆಂಬ ದೂರು, ಇನ್ನೊಂದು ಕಡೆ ಬಿಗಿಯಾಯಿತೆಂಬ ದೂರು. ವಯಸ್ಸಿನ ಗೆರೆ ಪ್ರಕೃತಿ ಎಳೆದದ್ದಲ್ಲ, ಸಮಾಜ ಚರ್ಚಿಸಿ ಎಳೆದದ್ದು.

ಚೀಟಿ ಹೇಳದ ಸಂಗತಿಗಳು

ಪ್ರಮಾಣಪತ್ರ ವಯಸ್ಸನ್ನು ಹೇಳುತ್ತದೆ. ಆ ಗೆರೆ ಯಾತರಿಂದ ಬಂತೆಂಬುದು ಬಹಳ ಸಲ ನಮಗೆ ಕಾಣುವುದಿಲ್ಲ. ಹೊಡೆದಾಟದಿಂದಲೋ, ಭಯಾನಕ ರೂಪದಿಂದಲೋ, ಮಾತಿನ ಒರಟುತನದಿಂದಲೋ? 2025ರ ಜುಲೈನಲ್ಲಿ ಬಿಡುಗಡೆಯಾದ 'ಸೂಪರ್‌ಮ್ಯಾನ್' ಚಿತ್ರದ ಭಾರತೀಯ ಪ್ರತಿಯಿಂದ ಸುಮಾರು 33 ಸೆಕೆಂಡುಗಳ ಚುಂಬನದ ದೃಶ್ಯವನ್ನು ತೆಗೆಯಲಾಯಿತು. 'ಯು/ಎ 13+' ದರ್ಜೆ ದೊರೆಯಿತು. ಕಟ್ಟಡಗಳು ಉರುಳುವ ಹೊಡೆದಾಟ ಉಳಿದುಕೊಂಡಿತು. ಇದು ಸರಿಯೇ ತಪ್ಪೇ ಎಂದು ಪತ್ರಿಕೆಗಳಲ್ಲಿ ಚರ್ಚೆಯಾಯಿತು. ನೀವು ಯಾವ ಕಡೆ ನಿಂತರೂ ಒಂದು ಪಾಠ ಸ್ಪಷ್ಟ: ಮಂಡಳಿಗೆ ಮುಜುಗರವೆನಿಸಿದ್ದು ಬೇರೆ, ಮಗುವಿಗೆ ಭಯವೆನಿಸುವುದು ಬೇರೆ. ಎರಡೂ ಒಂದೇ ಆಗಿರಬೇಕೆಂದಿಲ್ಲ. ಆದ್ದರಿಂದ ಚೀಟಿ ಓದಿದ ಮೇಲೆ ಮಗುವಿನ ಕಡೆಗೂ ತಿರುಗಬೇಕು.

ಮಗುವಿನ ಕಣ್ಣಿನಿಂದ

ನಾವು ನೋಡುವ ಸಿನಿಮಾವನ್ನೇ ಮಗು ನೋಡುತ್ತದೆಯೇ? ಇಲ್ಲವೆನ್ನುತ್ತದೆ ಮನಶ್ಶಾಸ್ತ್ರ. 'ದ ಇನ್‌ಕ್ರೆಡಿಬಲ್ ಹಲ್ಕ್' ಎಂಬ ಅಮೆರಿಕದ ಟಿ.ವಿ. ಧಾರಾವಾಹಿಯಲ್ಲಿ ಸಾಧು ಸ್ವಭಾವದ ವಿಜ್ಞಾನಿಯೊಬ್ಬ ಕೋಪ ಬಂದಾಗ ಹಸಿರು ದೈತ್ಯನಾಗುತ್ತಾನೆ. ದೈತ್ಯನಾದ ಮೇಲೂ ಒಳ್ಳೆಯವರನ್ನೇ ಕಾಪಾಡುತ್ತಾನೆ. ಗ್ಲೆನ್ ಸ್ಪಾರ್ಕ್ಸ್ ಮತ್ತು ಜೋನ್ ಕ್ಯಾಂಟರ್ ಎಂಬ ಸಂಶೋಧಕರು ಇದರ ಒಂದು ಭಾಗವನ್ನು ಬೇರೆ ಬೇರೆ ವಯಸ್ಸಿನ ಮಕ್ಕಳಿಗೆ ತೋರಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಾಲೆಗೆ ಸೇರದ ಪುಟ್ಟ ಮಕ್ಕಳು ಹೆಚ್ಚು ಹೆದರಿದ್ದು ಮನುಷ್ಯ ದೈತ್ಯನಾದ ಮೇಲೆ. ದೊಡ್ಡ ಮಕ್ಕಳಿಗೆ ಅಲ್ಲಿ ಭಯ ಕಡಿಮೆ. ಏಕೆಂದರೆ ಹತ್ತು ವರ್ಷದ ಮಗುವಿಗೆ "ಇವನು ಅವನೇ, ನಮ್ಮವನೇ" ಎಂಬುದು ಗೊತ್ತು. ನಾಲ್ಕು ವರ್ಷದ ಮಗು ಕಣ್ಣಿಗೆ ಕಂಡದ್ದನ್ನೇ ನಂಬುತ್ತದೆ. ರೂಪ ಬದಲಾದರೆ ಅದಕ್ಕೆ ಮನುಷ್ಯನೇ ಬದಲಾದಂತೆ. ನಾವು ನಿರಾಳವಾಗಿ ಉಸಿರು ಬಿಡುವ ಘಳಿಗೆಯಲ್ಲೇ ಪಕ್ಕದ ಮಗು ನಮ್ಮ ತೋಳು ಹಿಡಿದುಕೊಳ್ಳುವುದು ಇದಕ್ಕಾಗಿ.

ಇನ್ನೊಂದು ಪ್ರಸಿದ್ಧ ಪ್ರಯೋಗ ಆಲ್ಬರ್ಟ್ ಬಂಡೂರ ಅವರದ್ದು. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ 72 ಮಕ್ಕಳ ಮೇಲೆ ಇದು ನಡೆಯಿತು. ಗಾಳಿ ತುಂಬಿದ ದೊಡ್ಡ ಬೊಂಬೆಯನ್ನು ಹಿರಿಯರೊಬ್ಬರು ಹೊಡೆಯುವುದನ್ನು ಕೆಲವು ಮಕ್ಕಳು ನೋಡಿದರು. ನಂತರ ಅವರೂ ಬಹುಮಟ್ಟಿಗೆ ಅದೇ ರೀತಿ ಹೊಡೆದರು. 1963ರಲ್ಲಿ ಅದನ್ನೇ ಚಲನಚಿತ್ರದಲ್ಲಿ, ಬೆಕ್ಕಿನ ವೇಷ ತೊಟ್ಟವರ ಮೂಲಕವೂ ತೋರಿಸಿದಾಗ ಮಕ್ಕಳು ಆಗಲೂ ಅನುಕರಿಸಿದರು. 1965ರ ಪ್ರಯೋಗದಲ್ಲಿ ಇನ್ನೊಂದು ಅಂಶ ತಿಳಿಯಿತು. ಹೊಡೆದವನಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ತಾವಾಗಿ ಅನುಕರಿಸಿದ್ದು ಕಡಿಮೆ. ಈಗ ಸೂಪರ್‌ಹೀರೋನನ್ನು ನೆನೆಯಿರಿ. ಅವನು ಹೊಡೆಯುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಖಳನ ಹೊಡೆತಕ್ಕೆ ಶಿಕ್ಷೆಯುಂಟು, ನಾಯಕನ ಹೊಡೆತಕ್ಕೆ ಬಹುಮಾನ. ಮಗು ಅನುಕರಿಸುವುದು ಯಾರನ್ನು?

ಹಾಗೆಂದು ಪ್ರಯೋಗಾಲಯದ ಬೊಂಬೆಯನ್ನು ಹೊಡೆದ ಮಗು ನಾಳೆ ರೌಡಿಯಾಗುತ್ತದೆಂದು ತಿಳಿಯಬಾರದು. ಬೊಂಬೆ ಹೊಡೆಸಿಕೊಳ್ಳಲೆಂದೇ ಇರುವ ಆಟಿಕೆಯಲ್ಲವೇ ಎಂದು ಈ ಪ್ರಯೋಗವನ್ನು ಟೀಕಿಸಿದವರೂ ಇದ್ದಾರೆ. ಮಕ್ಕಳು ನೋಡಿ ಕಲಿಯುತ್ತಾರೆ ಎಂಬುದಷ್ಟೇ ಇಲ್ಲಿ ನಾವು ಹಿಡಿದುಕೊಳ್ಳಬೇಕಾದ ಮಾತು.

'ಶಕ್ತಿಮಾನ್' ಕಲಿಸಿದ ಪಾಠ

ನಮ್ಮ ದೇಶದಲ್ಲಿ ಈ ಪ್ರಶ್ನೆ ಮನೆಮನೆಗೂ ಬಂದದ್ದು ದೂರದರ್ಶನದ ಮೂಲಕವೇ. 1997ರ ಸೆಪ್ಟೆಂಬರಿನಲ್ಲಿ 'ಶಕ್ತಿಮಾನ್' ಧಾರಾವಾಹಿ ಆರಂಭವಾಯಿತು, 2005ರವರೆಗೆ ನಡೆಯಿತು. ಮುಕೇಶ್ ಖನ್ನಾ ಅವರು ಶಕ್ತಿಮಾನ್ ಆಗಿಯೂ, ಪೆದ್ದು ಪೆದ್ದಾದ ಛಾಯಾಗ್ರಾಹಕ ಗಂಗಾಧರನಾಗಿಯೂ ನಟಿಸಿದರು. ಒಂದು ಕೈ ಮೇಲೆತ್ತಿ ಗಿರ್ರನೆ ಸುತ್ತುವ ಮಕ್ಕಳು ಆಗ ಎಲ್ಲ ಬೀದಿಗಳಲ್ಲೂ ಕಾಣುತ್ತಿದ್ದರು. ಜೊತೆಗೆ, ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಕೈಹಾಕಿದರೆಂಬ ವರದಿಗಳೂ ಪತ್ರಿಕೆಗಳಲ್ಲಿ ಬಂದವು. ಎತ್ತರದಿಂದ ಹಾರಿದ, ಬೆಂಕಿ ಹಚ್ಚಿಕೊಂಡ ಸುದ್ದಿಗಳು ದೇಶದಲ್ಲಿ ಕಳವಳ ಹುಟ್ಟಿಸಿದವು. ಪ್ರತಿಯೊಂದು ಪ್ರಕರಣಕ್ಕೂ ಧಾರಾವಾಹಿಯೇ ಕಾರಣವೆಂದು ಹೇಳಲಾಗದು. ಆದರೂ ಮುಕೇಶ್ ಖನ್ನಾ ಅವರು ತೆರೆಯ ಮೇಲೆ ಬಂದು, ಇವೆಲ್ಲ ನಟನೆ, ಇದನ್ನು ಅನುಕರಿಸಬೇಡಿ ಎಂದು ಮಕ್ಕಳಿಗೆ ನೇರವಾಗಿ ಹೇಳಿದರು. ಕಂತಿನ ಕೊನೆಯಲ್ಲಿ ಒಳ್ಳೆಯ ಅಭ್ಯಾಸಗಳ ಬಗೆಗಿನ ಪುಟ್ಟ ಪಾಠವೂ ಇರುತ್ತಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 'ಶಕ್ತಿಮಾನ್' ರಕ್ತಪಾತದ ಕಥೆಯಲ್ಲ, ನಾಯಕ ಸದಾಚಾರಿ. ಸಾಮಾನ್ಯವಾಗಿ ನಾವು ಹುಡುಕುವ ದೋಷಗಳು ಯಾವುವೂ ಅದರಲ್ಲಿರಲಿಲ್ಲ. ಅಪಾಯ ಇದ್ದದ್ದು ಹಿಂಸೆಯಲ್ಲಲ್ಲ, ನಂಬಿಕೆಯಲ್ಲಿ. ಮಗು ನಾಯಕನನ್ನು ಪೂರ್ತಿ ನಂಬಿತು. ಒಳ್ಳೆಯ ಕಥೆಯೂ ಪುಟ್ಟ ಮಗುವಿನ ಕೈಯಲ್ಲಿ ಅಪಾಯವಾಗಬಹುದು. ಅದಕ್ಕೆ ಔಷಧ ಕತ್ತರಿಯಲ್ಲ, ಪಕ್ಕದಲ್ಲಿ ಕುಳಿತ ಹಿರಿಯರ ಒಂದು ಮಾತು.

ಉತ್ತರ ಬೆಂಗಳೂರಿನ ಮಕ್ಕಳಿಗೆ ಈ ಮಾತನ್ನು ತಿಳಿಸಲು ಒಳ್ಳೆಯ ಅವಕಾಶವೊಂದಿದೆ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ಪ್ರದರ್ಶನಗಳು ನಡೆದಿವೆ. ವಿಮಾನಗಳು ತಲೆಕೆಳಗಾಗಿ ಹಾರುವುದನ್ನು ಮಕ್ಕಳು ಮನೆಯ ತಾರಸಿಯಿಂದಲೇ ಕಂಡಿರುತ್ತಾರೆ. "ಆ ವಿಮಾನ ಹಾರಲು ಇಂಜಿನ್ ಬೇಕು, ರೆಕ್ಕೆ ಬೇಕು, ವರ್ಷಗಟ್ಟಲೆ ತರಬೇತಿಯಾದ ಚಾಲಕ ಬೇಕು. ಸಿನಿಮಾದಲ್ಲಿ ಹಾರುವವನಿಗೆ ತಂತಿ ಕಟ್ಟಿರುತ್ತಾರೆ, ಹಿಂದಿನ ಆಕಾಶವನ್ನು ಕಂಪ್ಯೂಟರಿನಲ್ಲಿ ಬರೆದಿರುತ್ತಾರೆ" ಎಂದು ಹೇಳಿ ನೋಡಿ. ಬಹುಮಹಡಿ ಮನೆಗಳು ಹೆಚ್ಚಿರುವ ಹೆಬ್ಬಾಳ, ಯಲಹಂಕಗಳಲ್ಲಿ ಬಾಲ್ಕನಿ ಮತ್ತು ತಾರಸಿಯ ಬಾಗಿಲುಗಳ ಬಗ್ಗೆ ಈ ಮಾತು ಅವಶ್ಯ.

ನಮ್ಮ ಪುರಾಣಗಳಲ್ಲಿ ಹಿಂಸೆ ಇಲ್ಲವೇ?

ನಿಮ್ಮಲ್ಲಿ ಚುರುಕಾದವರು ಈಗ ಒಂದು ಆಕ್ಷೇಪ ಎತ್ತಬಹುದು. ಯಕ್ಷಗಾನದಲ್ಲಿ, ಮೂಡಲಪಾಯದಲ್ಲಿ ರಕ್ಕಸರ ವಧೆ ನಡೆಯುತ್ತದೆ. ಮಕ್ಕಳು ಮುಂದಿನ ಸಾಲಿನಲ್ಲೇ ಕುಳಿತು ನೋಡುತ್ತಾರೆ. 1983ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಬಾಲಕ ಪುನೀತ್ ಪ್ರಹ್ಲಾದ. ತಂದೆಯೇ ಮಗನನ್ನು ಕೊಲ್ಲಿಸಲು ನೋಡುವ, ಕೊನೆಗೆ ನರಸಿಂಹನ ಉಗುರಿಗೆ ತಂದೆ ಬಲಿಯಾಗುವ ಕಥೆ ಅದು. ಅದನ್ನು ಮನೆಮಂದಿಯೆಲ್ಲ ಕುಳಿತು ನೋಡಿದ್ದೇವೆ. ಹಾಗಾದರೆ ಸ್ಪೈಡರ್‌ಮ್ಯಾನ್ ಮಾಡಿದ ತಪ್ಪೇನು?

ಆಕ್ಷೇಪ ನ್ಯಾಯವಾದದ್ದು. ಉತ್ತರ ಹಿಂಸೆಯ ಪ್ರಮಾಣದಲ್ಲಿಲ್ಲ, ಅದನ್ನು ತೋರಿಸುವ ರೀತಿಯಲ್ಲಿದೆ. ಮೊದಲನೆಯದಾಗಿ, ಪುರಾಣದ ಕಥೆ ಮಗುವಿಗೆ ಮೊದಲೇ ಗೊತ್ತು. ಅಜ್ಜಿ ಹತ್ತು ಸಲ ಹೇಳಿರುತ್ತಾಳೆ. ಪ್ರಹ್ಲಾದ ಬದುಕುತ್ತಾನೆಂಬ ಧೈರ್ಯದಿಂದಲೇ ಮಗು ಕಂಬದ ಮುಂದೆ ಕೂರುತ್ತದೆ. ಎರಡನೆಯದಾಗಿ, ಯಕ್ಷಗಾನದ ವಧೆ ಕುಣಿತ, ಚೆಂಡೆಗಳ ಮೂಲಕ ನಡೆಯುತ್ತದೆ. ಬಣ್ಣದ ವೇಷದ ಕಿರೀಟವೇ "ಇದು ಆಟ" ಎಂದು ಸಾರುತ್ತದೆ. ಸಿನಿಮಾ ತಂತ್ರಜ್ಞಾನದ ಪ್ರಯತ್ನವೆಲ್ಲ ಇದಕ್ಕೆ ವಿರುದ್ಧ. "ಇದು ನಿಜ" ಎಂದು ತೋರಿಸುವುದೇ ಅದರ ಗುರಿ. ಮೂರನೆಯದಾಗಿ, ಬಯಲಾಟದಲ್ಲಿ ಅಕ್ಕಪಕ್ಕ ಬಂಧುಗಳಿರುತ್ತಾರೆ, ಮಗು ನಡುವೆ ನಿದ್ದೆ ಹೋಗಬಹುದು, ಎದ್ದು ಓಡಾಡಬಹುದು. ಕತ್ತಲೆಯ ಚಿತ್ರಮಂದಿರದಲ್ಲಿ, ಕಿವಿಗಡಚಿಕ್ಕುವ ಸದ್ದಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂದು ಇದರರ್ಥವಲ್ಲ. ಇದೇ ಅಳತೆಗೋಲನ್ನು ಪೌರಾಣಿಕ ಚಿತ್ರಕ್ಕೂ ಹಿಡಿಯಬೇಕು.

ಒಳಿತೂ ಉಂಟು

ಸೂಪರ್‌ಹೀರೋ ಕಥೆಗಳಿಂದ ಮಕ್ಕಳಿಗೆ ಕೇಡು ಮಾತ್ರವೇ? 2017ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದರಲ್ಲಿ ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಬೇಸರ ತರಿಸುವ ಕೆಲಸವೊಂದನ್ನು ಕೊಟ್ಟು, ಬೇಕಾದಾಗ ಬಿಟ್ಟು ಆಟವಾಡಬಹುದು ಎಂದರು. ಬ್ಯಾಟ್‌ಮನ್‌ನಂಥ ಪಾತ್ರವಾಗಿ ತಮ್ಮನ್ನು ಕಲ್ಪಿಸಿಕೊಂಡ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸದಲ್ಲಿ ನಿಂತರು. ಇನ್ನೊಂದರಲ್ಲಿ ಸಾರಾ ಕಾಯ್ನ್ ಮತ್ತು ಸಂಗಡಿಗರು 240 ಪುಟ್ಟ ಮಕ್ಕಳನ್ನು ಒಂದು ವರ್ಷ ಗಮನಿಸಿದರು. ಸೂಪರ್‌ಹೀರೋಗಳಲ್ಲಿ ಹೆಚ್ಚು ಮುಳುಗಿದ ಮಕ್ಕಳಲ್ಲಿ ಜಗಳಗಂಟತನ ಹೆಚ್ಚಿತ್ತು. ದುರ್ಬಲರನ್ನು ಕಾಪಾಡುವ ಗುಣ ಮಾತ್ರ ಹೆಚ್ಚಲಿಲ್ಲ.

ಎರಡೂ ನಿಜವಾಗಿರಲು ಸಾಧ್ಯವೇ? ಸಾಧ್ಯ. ಮೊದಲನೆಯದರಲ್ಲಿ ಮಗು ನಾಯಕನ ಛಲವನ್ನು ತೆಗೆದುಕೊಂಡಿತು, ಅದೂ ದೊಡ್ಡವರು ದಾರಿ ತೋರಿಸಿದ್ದರಿಂದ. ಎರಡನೆಯದರಲ್ಲಿ ಮಕ್ಕಳು ತಾವಾಗಿ ಆರಿಸಿಕೊಂಡದ್ದು ಹೊಡೆತವನ್ನು ಎಂದು ಊಹಿಸಬಹುದು. ಏಕೆಂದರೆ ತೆರೆಯ ಮೇಲೆ ಹೊಡೆತ ಎದ್ದು ಕಾಣುತ್ತದೆ. ದಯೆ ಮಾತಿನಲ್ಲಿ, ಮೌನದಲ್ಲಿ ಅಡಗಿರುತ್ತದೆ. ಅಡಗಿರುವುದನ್ನು ಎತ್ತಿ ತೋರಿಸುವುದು ಜೊತೆಗಿರುವವರ ಕೆಲಸ.

ಐದು ಪ್ರಶ್ನೆಗಳು

ಈವರೆಗಿನ ವಿಚಾರವನ್ನು ಐದು ಪ್ರಶ್ನೆಗಳಾಗಿ ಕಟ್ಟಿಕೊಳ್ಳೋಣ. ಟ್ರೇಲರ್ ನೋಡಿ, ವಿಮರ್ಶೆ ಓದಿ, ಸಾಧ್ಯವಾದರೆ ಚಿತ್ರವನ್ನು ಮೊದಲು ನೀವೇ ನೋಡಿ ಇವುಗಳಿಗೆ ಉತ್ತರ ಬರೆದುಕೊಳ್ಳಿ.

1. ಹೊಡೆದರೆ ನೋವಾಗುತ್ತದೆಯೇ? ಪೆಟ್ಟು ತಿಂದವನ ಕಷ್ಟ, ಅವನ ಮನೆಯವರ ದುಃಖ ತೋರಿಸಿದ್ದಾರೆಯೇ? ನೋವೇ ಇಲ್ಲದ ಹಿಂಸೆ ಹಗುರವಾಗಿ ಕಾಣುತ್ತದೆ. ಆದರೆ ಮಗುವಿಗೆ ತಪ್ಪು ಲೆಕ್ಕ ಕಲಿಸುವುದು ಅದೇ. ಇನ್ನೊಂದೆಡೆ, ರಕ್ತ, ಗಾಯಗಳನ್ನು ಹತ್ತಿರದಿಂದ ತೋರಿಸಿದರೆ ಪುಟ್ಟ ಮಕ್ಕಳಿಗೆ ತಡೆಯಲಾಗದು.

2. ಮನೆಯಲ್ಲಿ ಮಾಡಿ ನೋಡಬಹುದಾದದ್ದೇ? ಕಣ್ಣಿನಿಂದ ಬೆಂಕಿ ಕಾರುವುದನ್ನು ಯಾರೂ ಅನುಕರಿಸಲಾರರು. ಎತ್ತರದಿಂದ ಜಿಗಿಯುವುದು, ಕುತ್ತಿಗೆಗೆ ಬಟ್ಟೆ ಕಟ್ಟುವುದು, ಅಡುಗೆಮನೆಯ ಚಾಕು ಹಿಡಿಯುವುದು ಎಲ್ಲ ಮನೆಯಲ್ಲೂ ಸಾಧ್ಯ. ಅಪಾಯ ದೊಡ್ಡ ಸ್ಫೋಟದಲ್ಲಿಲ್ಲ, ಕೈಗೆಟಕುವ ವಸ್ತುವಿನಲ್ಲಿದೆ.

3. ಭಯ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ? ರೂಪ ಬದಲಾವಣೆ, ಕತ್ತಲೆ, ತಾಯಿಯಿಂದ ಅಗಲುವುದು ಪುಟ್ಟ ಮಕ್ಕಳಿಗೆ. ನಿಜ ಜೀವನದಲ್ಲಿ ನಡೆಯಬಹುದಾದ ಅಪಹರಣ, ಸಾವುಗಳು ದೊಡ್ಡ ಮಕ್ಕಳಿಗೆ. ಭಯದ ದೃಶ್ಯದ ನಂತರ ಬೇಗ ನೆಮ್ಮದಿ ಸಿಗುತ್ತದೆಯೇ, ಅಥವಾ ಕಥೆ ಅಲ್ಲೇ ನಿಂತುಬಿಡುತ್ತದೆಯೇ?

4. ದುಷ್ಟ ಯಾರು? ಅವನನ್ನು ಗುರುತಿಸುವುದು ಅವನ ಕೆಲಸದಿಂದಲೋ, ಬಣ್ಣ, ಭಾಷೆ, ಅಂಗವೈಕಲ್ಯಗಳಿಂದಲೋ? ಮುಖದ ಮೇಲೆ ಕಲೆ ಇದ್ದವರೆಲ್ಲ ಕೆಟ್ಟವರು ಎಂಬ ಪಾಠ ಸದ್ದಿಲ್ಲದೆ ಮನಸ್ಸಿಗೆ ಇಳಿಯುತ್ತದೆ.

5. ಈ ಮಗುವಿಗೆ, ಈ ವಾರ ಸರಿಯೇ? ಮನೆಯಲ್ಲಿ ಇತ್ತೀಚೆಗೆ ಸಾವು ಸಂಭವಿಸಿದೆಯೇ? ಮಗುವಿಗೆ ಮೂರ್ಛೆರೋಗವಿದೆಯೇ? 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ 'ಪೊಕೆಮಾನ್' ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಬೇಗ ಬೇಗ ಮಿನುಗಿದ್ದರಿಂದ ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. 2018ರಲ್ಲಿ 'ಇನ್‌ಕ್ರೆಡಿಬಲ್ಸ್ 2' ಬಿಡುಗಡೆಯಾದಾಗಲೂ ಮಿನುಗುವ ಬೆಳಕಿನ ಬಗ್ಗೆ ಚಿತ್ರಮಂದಿರಗಳಲ್ಲಿ ಎಚ್ಚರಿಕೆಯ ಫಲಕ ಹಾಕಲಾಯಿತು. ಇದು ನೀತಿಯ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಎರಡು ಚಿತ್ರಗಳನ್ನು ಅಳೆದು ನೋಡೋಣ

'ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್' (2023) ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಬರೆದ ಚಿತ್ರಗಳ ಸಿನಿಮಾ ಆದ್ದರಿಂದ "ಇದು ಆಟ" ಎಂಬ ಅಂತರ ತಾನಾಗಿ ಇದೆ. ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ ನಮ್ಮ ಮಕ್ಕಳಿಗೆ ಹತ್ತಿರದವನು. ಭಾಷೆ ಅರ್ಥವಾದರೆ ಕಾರಣವೂ ಅರ್ಥವಾಗುತ್ತದೆ. ಅರ್ಥವಾಗದ ಭಾಷೆಯಲ್ಲಿ ಮಗುವಿಗೆ ಉಳಿಯುವುದು ಹೊಡೆದಾಟ ಮಾತ್ರ. ಇವು ಒಳ್ಳೆಯ ಅಂಶಗಳು. ಆದರೆ ಚಿತ್ರ ಎರಡು ಗಂಟೆ ಇಪ್ಪತ್ತು ನಿಮಿಷ ಉದ್ದ. ಬಣ್ಣ, ಬೆಳಕು ಎಡೆಬಿಡದೆ ಮಿನುಗುತ್ತವೆ. ತಂದೆ ಸಾಯಬಹುದೆಂಬ ಆತಂಕ ಕಥೆಯ ನಡುವಿನಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ ಕಥೆ ಅರ್ಧಕ್ಕೆ ನಿಲ್ಲುತ್ತದೆ. ಹತ್ತು ವರ್ಷದ ತಂಗಿಗೆ ಇದು ಹಬ್ಬ. ಐದು ವರ್ಷದ ತಮ್ಮನಿಗೆ ಉತ್ತರ ಸಿಗದ ಕಳವಳ.

'ಲೋಕಾ: ಚಾಪ್ಟರ್ 1 - ಚಂದ್ರ' ಎಂಬ ಮಲಯಾಳಂ ಚಿತ್ರ 2025ರ ಆಗಸ್ಟ್ 28ರಂದು ಬಿಡುಗಡೆಯಾಯಿತು. ಡೊಮಿನಿಕ್ ಅರುಣ್ ನಿರ್ದೇಶನದ, ಕಲ್ಯಾಣಿ ಪ್ರಿಯದರ್ಶನ್ ನಾಯಕಿಯಾಗಿರುವ ಈ ಚಿತ್ರದ ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲೇ. ಇದರಲ್ಲಿನ ಒಂದು ಸಂಭಾಷಣೆ ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಕೀಳಾಗಿದೆಯೆಂದು ಆಕ್ಷೇಪ ಬಂದಾಗ ನಿರ್ಮಾಪಕರು ಕ್ಷಮೆ ಕೇಳಿ ಅದನ್ನು ಬದಲಿಸುವುದಾಗಿ ಹೇಳಿದರು. ಅದು ಊರಿನ ಮರ್ಯಾದೆಯ ಪ್ರಶ್ನೆ. ಮಗುವಿಗೆ ತಕ್ಕದ್ದೇ ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಬೆರೆಸಬಾರದು. ಹೆಣ್ಣೊಬ್ಬಳು ಶಕ್ತಿಶಾಲಿಯಾಗಿ, ದುರ್ಬಲರ ಪರ ನಿಲ್ಲುವ ಕಥೆ ಎಂಬುದು ಇದರ ಹೆಚ್ಚುಗಾರಿಕೆ. ಆದರೆ ಆಕೆ ಕೇರಳದ ಯಕ್ಷಿಯ ಐತಿಹ್ಯದಿಂದ ಬಂದವಳು; ರಕ್ತ ಕಥೆಯ ಭಾಗವೇ ಆಗಿದೆ. ಎದುರಾಳಿಗಳು ಮನುಷ್ಯರ ಅಂಗಾಂಗಗಳನ್ನು ಮಾರುವ ಜಾಲದವರು. ಕಾಪಾಡಬೇಕಾದ ಪೊಲೀಸ್ ಅಧಿಕಾರಿಯೇ ಕೇಡಿಗ. ನಮ್ಮಂಥದೇ ಬೀದಿಯಲ್ಲಿ, ನಮ್ಮಂಥದೇ ಮನೆಯಲ್ಲಿ ಇದೆಲ್ಲ ನಡೆಯುತ್ತದೆ. ದೂರದ ಗ್ರಹದ ಯುದ್ಧಕ್ಕಿಂತ ಊರಿನ ಬೀದಿಯ ಅಪಹರಣ ಮಗುವನ್ನು ಹೆಚ್ಚು ಕಾಡುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ಚರ್ಚೆಗೆ ಒಳ್ಳೆಯ ಚಿತ್ರ. ಪ್ರಾಥಮಿಕ ಶಾಲೆಯ ಮಗುವಿಗೆ ಕಾಯುವುದು ಲೇಸು.

ನೋಡಿ, ಎರಡೂ ಒಳ್ಳೆಯ ಚಿತ್ರಗಳೇ. "ಒಳ್ಳೆಯದೇ?" ಎಂಬ ಪ್ರಶ್ನೆಗೂ "ಯಾರಿಗೆ, ಯಾವಾಗ?" ಎಂಬ ಪ್ರಶ್ನೆಗೂ ಇರುವ ಅಂತರ ಇದೇ.

ಅಂಗೈಯೊಳಗಿನ ತೆರೆ

ಈಗ ಚಿತ್ರಮಂದಿರ ಒಂದೇ ದಾರಿಯಲ್ಲ. ಮೊಬೈಲ್, ಅಂತರ್ಜಾಲದ ವೇದಿಕೆಗಳಲ್ಲಿ ಮಕ್ಕಳು ಒಂಟಿಯಾಗಿ ನೋಡುತ್ತಾರೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಈ ವೇದಿಕೆಗಳೂ ತಮ್ಮ ಚಿತ್ರಗಳಿಗೆ 7+, 13+, 16+ ದರ್ಜೆ ಕೊಡಬೇಕು. 13+ ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ ಪೋಷಕರು ಬೀಗ ಹಾಕುವ ಸೌಕರ್ಯ ಒದಗಿಸಬೇಕು. ಬೀಗ ಇದೆ, ಎಷ್ಟೋ ಮನೆಗಳಲ್ಲಿ ಹಾಕಿಲ್ಲ. ಅದನ್ನು ಹಾಕುವ ವಿಧಾನ ಅಪ್ಪ-ಅಮ್ಮನಿಗೆ ಗೊತ್ತಿಲ್ಲದಿದ್ದರೆ ನೀವೇ ತೋರಿಸಿಕೊಡಬಹುದು. ತುಂಡು ದೃಶ್ಯಗಳ ವಿಡಿಯೋಗಳಿಗಂತೂ ಕಥೆಯ ಹಿಂದು-ಮುಂದೇ ಇರುವುದಿಲ್ಲ. ಏಕೆ ಹೊಡೆದ, ಮುಂದೆ ಏನಾಯಿತು ಎಂಬುದು ಕಳಚಿಹೋಗಿ ಹೊಡೆತ ಮಾತ್ರ ಉಳಿಯುತ್ತದೆ. ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಅಲ್ಲಿ ಉತ್ತರ ಸಿಗದು.

ಸಿನಿಮಾ ನಡುವೆ ಮಗು "ಹೋಗೋಣ" ಎಂದರೆ ಎದ್ದುಬನ್ನಿ. ಟಿಕೆಟ್ಟಿನ ಹಣ ಹೋಯಿತಲ್ಲ ಎಂದು ಕೂರಿಸಬೇಡಿ. "ಹೆದರುಪುಕ್ಕಲ" ಎಂದು ನಗಬೇಡಿ. ತನ್ನ ಭಯವನ್ನು ಬಾಯಿಬಿಟ್ಟು ಹೇಳುವ ಮಗುವಿಗೆ ಸಹಾಯ ಮಾಡುವುದು ಸುಲಭ. ಒಮ್ಮೆ ನಕ್ಕರೆ ಮುಂದಿನ ಸಲ ಅದು ಹೇಳುವುದಿಲ್ಲ. ನೋಡಿ ಮುಗಿಸಿದರೆ ಬಸ್ಸಿನಲ್ಲಿ ಬರುವಾಗ ಮಾತಾಡಿಸಿ. ಯಾವುದು ಇಷ್ಟವಾಯಿತು, ಯಾವುದು ಭಯವಾಯಿತು, ಹೊಡೆಯದೆ ಬೇರೆ ದಾರಿ ಇತ್ತೇ ಎಂದು ಕೇಳಿ. ಹತ್ತು ನಿಮಿಷದ ಆ ಮಾತು ಯಾವ ಪ್ರಮಾಣಪತ್ರವೂ ಮಾಡಲಾಗದ ಕೆಲಸ ಮಾಡುತ್ತದೆ.

ತರಗತಿಯಲ್ಲಿ ಚರ್ಚಿಸಿ

1. 'ಯು/ಎ' ಸಲಹೆಯಾಗಿಯೇ ಇರಬೇಕೇ, ಅಥವಾ ಬಾಗಿಲಲ್ಲಿ ತಡೆಯುವ ನಿಯಮವಾಗಬೇಕೇ? ಬ್ರಿಟನ್ನಿನ 2002ರ ಅನುಭವವನ್ನು ಗಮನದಲ್ಲಿಟ್ಟು ವಾದಿಸಿ.

2. ನೀವು ಏಳನೆಯ ವಯಸ್ಸಿನಲ್ಲಿ ನೋಡಿದ ಒಂದು ಸಾಹಸ ಚಿತ್ರವನ್ನು ಐದು ಪ್ರಶ್ನೆಗಳಿಂದ ಅಳೆಯಿರಿ. ಇಂದು ಅದೇ ವಯಸ್ಸಿನ ಮಗುವಿಗೆ ತೋರಿಸುವಿರಾ?

3. ಯಕ್ಷಗಾನದ ಒಂದು ವಧೆಯ ಪ್ರಸಂಗವನ್ನೂ ಒಂದು ಸೂಪರ್‌ಹೀರೋ ಚಿತ್ರದ ಅಂತಿಮ ಹೋರಾಟವನ್ನೂ ಹೋಲಿಸಿ ಒಂದು ಪುಟ ಬರೆಯಿರಿ.

4. ಪ್ರಮಾಣಪತ್ರದಲ್ಲಿ ವಯಸ್ಸಿನ ಜೊತೆಗೆ ಇನ್ನೂ ಯಾವ ಮಾಹಿತಿ ಇರಬೇಕು? ಕನ್ನಡದಲ್ಲಿ ಮೂರು ಸಾಲುಗಳಿಗೆ ಮೀರದಂತೆ ಒಂದು ಮಾದರಿ ಸಿದ್ಧಪಡಿಸಿ.